ಬದನೆಕಾಯಿ ನಂಜು, ಹೆಜ್ಜೇನು ಮತ್ತು ಕೋವಿಡ್ ಲಸಿಕೆ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ | ಜುಲೈ 2021

ಈ ಸಲದ ಅಂಚೆಯಲ್ಲಿ ಲಸಿಕೆ ಬಿಟ್ಟು ಬೇರೆ ವಿಷಯವೇ ಇಲ್ಲ. ಮಂಡಿನೋವಿನ ಬಗ್ಗೆ ಎರಡು ಪುಟ ಬರೆದವರೂ ಕೊನೆಗೊಂದು ಸಾಲು ಸೇರಿಸಿದ್ದಾರೆ: 'ಹಾಗೇ ಡಾಕ್ಟ್ರೇ, ಇಂಜೆಕ್ಷನ್ ಹಾಕಿಸಿಕೊಳ್ಳಬಹುದಾ?' ಹಾಗಾಗಿ ಮಂಡಿಗೆ ಈ ತಿಂಗಳು ರಜೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಉತ್ತರಗಳು ಜುಲೈ 2021ರ ನಿಯಮದ ಪ್ರಕಾರ. ನಿಯಮ ಬದಲಾಗುತ್ತಲೇ ಇದೆ. ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರವನ್ನೇ ನೋಡಿ. ಜನವರಿಯಲ್ಲಿ 4ರಿಂದ 6 ವಾರ ಇತ್ತು. ಮಾರ್ಚಿನಲ್ಲಿ 6ರಿಂದ 8 ಆಯಿತು. ಮೇ ತಿಂಗಳಲ್ಲಿ 12ರಿಂದ 16ಕ್ಕೆ ಹೋಯಿತು. ಕೋವ್ಯಾಕ್ಸಿನ್ ಮಾತ್ರ 4ರಿಂದ 6 ವಾರದಲ್ಲೇ ನಿಂತಿದೆ. ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಇನ್ನೇನಾದರೂ ಆಗಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ. ನನ್ನನ್ನು ಬೈಯಬೇಡಿ.

ಪ್ರಶ್ನೆ: ನನಗೆ 38 ವರ್ಷ. ಮೊದಲಿಂದಲೂ ಅಲರ್ಜಿ ಮೈ. ಧೂಳಿಗೆ ಸೀನು, ಬದನೆಕಾಯಿ ತಿಂದರೆ ತುರಿಕೆ, ಮಳೆಗಾಲ ಬಂದರೆ ಉಬ್ಬಸ. ದಿನಾ ರಾತ್ರಿ ಸೆಟ್ರಿಜಿನ್ ಮಾತ್ರೆ ನುಂಗುತ್ತೇನೆ. ಲಸಿಕೆ ಹಾಕುವಲ್ಲಿ 'ಅಲರ್ಜಿ ಇದೆಯಾ' ಅಂದರು. ಇದೆ ಅಂದೆ. 'ಹಾಗಾದರೆ ಬೇಡಮ್ಮ' ಅಂತ ಕಳಿಸಿಬಿಟ್ಟರು. ನನ್ನ ಗತಿ ಏನು?
– ಗೃಹಿಣಿ, ಸಾಗರ

ನಿಮ್ಮ ಗತಿ ಚೆನ್ನಾಗಿಯೇ ಇದೆ. ನೀವು ಲಸಿಕೆ ಹಾಕಿಸಿಕೊಳ್ಳಬಹುದು.

ಅಲರ್ಜಿ ಅಂತ ಯಾರಾದರೂ ಹೇಳಿದರೆ ನಾನು ಮೂರು ವಿಷಯ ಕೇಳುತ್ತೇನೆ. ಏನು ಒಳಗೆ ಹೋದಾಗ ಆಯಿತು? ಎಷ್ಟು ನಿಮಿಷಕ್ಕೆ ಆಯಿತು? ಆಮೇಲೆ ಏನು ಮಾಡಿದಿರಿ, ಮಾತ್ರೆ ನುಂಗಿ ಮಲಗಿದಿರಾ ಅಥವಾ ಆಸ್ಪತ್ರೆಗೆ ಹೊತ್ತುಕೊಂಡು ಹೋದರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ನಾವು ಹೆದರುವುದು ಅನಾಫಿಲಾಕ್ಸಿಸ್ ಎನ್ನುವ ತೀವ್ರ ಅಲರ್ಜಿಗೆ. ಅದು ಬಂದರೆ ಕೆಲವೇ ನಿಮಿಷಗಳಲ್ಲಿ ಮೈತುಂಬ ಗಂದೆ ಏಳುತ್ತದೆ. ತುಟಿ, ನಾಲಗೆ ಊದುತ್ತದೆ. ಗಂಟಲು ಕಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹಿಂದೆ ಯಾವುದಾದರೂ ಲಸಿಕೆ, ಇಂಜೆಕ್ಷನ್, ಔಷಧಿ ಅಥವಾ ಆಹಾರಕ್ಕೆ ಹೀಗಾಗಿದ್ದವರಿಗೆ, ಇಲ್ಲವೇ ಮೊದಲ ಡೋಸ್‌ಗೇ ಹೀಗಾಗಿದ್ದವರಿಗೆ ಕೊಡಬೇಡಿ ಎಂದು ಸರ್ಕಾರದ ಸೂಚನೆ ಇದೆ. ಸೀನು, ಕಣ್ಣುರಿ, ತುರಿಕೆ, ಉಬ್ಬಸ ಆ ಪಟ್ಟಿಯಲ್ಲಿ ಇಲ್ಲ.

ಮತ್ತೆ ಹೋಗಿ. 'ಅಲರ್ಜಿ ಇದೆಯಾ' ಎಂದು ಕೇಳಿದರೆ ಬರೀ 'ಇದೆ' ಅನ್ನಬೇಡಿ. 'ಧೂಳಿಗೆ ಸೀನು ಬರುತ್ತದೆ, ಬದನೆಕಾಯಿಗೆ ತುರಿಕೆ, ಯಾವತ್ತೂ ಉಸಿರು ಕಟ್ಟಿ ಆಸ್ಪತ್ರೆ ಸೇರಿಲ್ಲ' ಎಂದು ಪೂರ್ತಿ ಹೇಳಿ. ಆ ಮೇಜಿನ ಮುಂದೆ ಇನ್ನೂರು ಜನ ನಿಂತಿರುತ್ತಾರೆ. ಒಂದೇ ಪದದ ಉತ್ತರ ಕೊಟ್ಟರೆ ಒಂದೇ ಪದದಲ್ಲಿ ವಾಪಸ್ ಕಳಿಸುತ್ತಾರೆ. ತಪ್ಪು ಅವರದೂ ಹೌದು, ಅದನ್ನೂ ಹೇಳಲೇಬೇಕು. ಇನ್ನೊಂದು ಸಾಲು ಕೇಳಿದ್ದರೆ ನೀವು ಅವತ್ತೇ ಹಾಕಿಸಿಕೊಂಡು ಬರುತ್ತಿದ್ದಿರಿ.

ಸೆಟ್ರಿಜಿನ್ ನಿಲ್ಲಿಸಬೇಡಿ. ಉಬ್ಬಸದ ಪಂಪ್ ಚೀಲದಲ್ಲಿ ಇರಲಿ. ಅವತ್ತೇ ಉಬ್ಬಸ ಜಾಸ್ತಿ ಇದ್ದರೆ ಮಾತ್ರ ವಾರ ಬಿಟ್ಟು ಹೋಗಿ.

ಪ್ರಶ್ನೆ: ಕಾಫಿ ತೋಟದಲ್ಲಿ ರೈಟರ್ ಕೆಲಸ. ನಾಲ್ಕು ವರ್ಷದ ಹಿಂದೆ ಹೆಜ್ಜೇನು ಕಡಿದು ಮುಖ ಊದಿ, ಉಸಿರಾಡಲಾಗದೆ ಚಿಕ್ಕಮಗಳೂರಿಗೆ ಜೀಪಿನಲ್ಲಿ ಸಾಗಿಸಿದ್ದರು. ಎರಡು ದಿನ ಐಸಿಯು. ಈಗ ತೋಟದಲ್ಲೇ ಲಸಿಕೆ ಕ್ಯಾಂಪ್ ಇಡುತ್ತಾರಂತೆ. ನಾನು ಹಾಕಿಸಿಕೊಳ್ಳಲೋ ಬೇಡವೋ?
– 46 ವರ್ಷ, ಕೊಪ್ಪ ತಾಲ್ಲೂಕು

ಮೂರೂ ಪ್ರಶ್ನೆಗೆ ನಾನು ಕೇಳುವ ಮೊದಲೇ ಉತ್ತರ ಕೊಟ್ಟಿದ್ದೀರಿ. ನಿಮ್ಮದು ನಿಜವಾದ ಅನಾಫಿಲಾಕ್ಸಿಸ್. ಆದರೆ ಅದಕ್ಕೆ ಕಾರಣ ಜೇನಿನ ವಿಷ. ಜೇನಿನ ವಿಷಕ್ಕೂ ಈ ಲಸಿಕೆಗಳ ಒಳಗಿರುವ ಯಾವ ವಸ್ತುವಿಗೂ ಸಂಬಂಧ ಇಲ್ಲ.

ಹಾಗಂತ ತೋಟದ ಕ್ಯಾಂಪಿನಲ್ಲಿ ಬೇಡ. ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ. ಡಾಕ್ಟರು, ಆಮ್ಲಜನಕ, ಹಾಸಿಗೆ ಮೂರೂ ಒಂದೇ ಕಟ್ಟಡದಲ್ಲಿ ಇರುವ ಕಡೆ. ಐಸಿಯು ಡಿಸ್ಚಾರ್ಜ್ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ, ಸೂಜಿಗೆ ಮೊದಲು ಡಾಕ್ಟರಿಗೆ ತೋರಿಸಿ. ಅವರು ಸರಿ ಎಂದ ಮೇಲೆ ಹಾಕಿಸಿಕೊಳ್ಳಿ. ಆಮೇಲೆ ಅರ್ಧ ಗಂಟೆ ಅಲ್ಲಿಂದ ಕದಲಬೇಡಿ. ಬಸ್ಸಿಗೆ ಹೊತ್ತಾಯಿತು ಎಂದು ಹತ್ತು ನಿಮಿಷಕ್ಕೇ ಎದ್ದು ಹೋಗುವವರನ್ನು ನಾನು ನೋಡುತ್ತಲೇ ಇರುತ್ತೇನೆ. ನೀವು ಹಾಗೆ ಮಾಡುವಂತಿಲ್ಲ.

ಆ ಅರ್ಧ ಗಂಟೆಯ ಬಗ್ಗೆ ಸ್ವಲ್ಪ ಹೇಳಬೇಕು. ವಾರಕ್ಕೊಮ್ಮೆ ನಾನೂ ನಮ್ಮೂರ ಲಸಿಕಾ ಕೇಂದ್ರದ ಕಾಯುವ ಕೋಣೆಯಲ್ಲಿ ಕೂರುತ್ತೇನೆ. ಶಾಲೆಯ ಕೊಠಡಿ, ಮಕ್ಕಳ ಬೆಂಚು, ಗೋಡೆಯ ಮೇಲೆ ಇನ್ನೂ ಕಾಗುಣಿತದ ಪಟ. ಕುಸಿದು ಬೀಳುವವರು ಅಲ್ಲಿ ಆಗಾಗ ಸಿಗುತ್ತಾರೆ. ಹೆಚ್ಚಿನವರು ಗಟ್ಟಿಮುಟ್ಟಾದ ಹುಡುಗರೇ! ಬೆಳಿಗ್ಗೆ ಏನೂ ತಿಂದಿರುವುದಿಲ್ಲ, ಸೂಜಿ ಕಂಡರೆ ಭಯ. ಮುಖ ಬಿಳಿಚಿಕೊಳ್ಳುತ್ತದೆ, ತಣ್ಣನೆ ಬೆವರು, ನಾಡಿ ನಿಧಾನ. ನೆಲದ ಮೇಲೆ ಮಲಗಿಸಿ ಕಾಲೆರಡನ್ನೂ ಬೆಂಚಿನ ಮೇಲಿಟ್ಟರೆ ಎರಡು ಮೂರು ನಿಮಿಷಕ್ಕೆ ಕಣ್ಣು ಬಿಟ್ಟು 'ಏನಾಯ್ತು' ಅನ್ನುತ್ತಾರೆ. ಇದು ಅಲರ್ಜಿ ಅಲ್ಲ. ಎರಡನೇ ಡೋಸ್‌ಗೆ ಇವರು ತಿಂಡಿ ತಿಂದು ಬರಲಿ, ಮಲಗಿಯೇ ಚುಚ್ಚಿಸಿಕೊಳ್ಳಲಿ, ಅಷ್ಟೆ.

ಅಲರ್ಜಿಯಾದರೆ ನಾಡಿ ಓಡುತ್ತದೆ. ಚರ್ಮ ಕೆಂಪಾಗಿ ದದ್ದು ಏಳುತ್ತದೆ, ಎದೆಯಲ್ಲಿ ಸುಂಯ್ ಸುಂಯ್ ಶಬ್ದ. ಆಗ ಕಾಯುವ ಮಾತೇ ಇಲ್ಲ. ದೊಡ್ಡವರಿಗೆ ಅರ್ಧ ಮಿಲಿ ಅಡ್ರಿನಾಲಿನ್ ಅನ್ನು ತೊಡೆಯ ಹೊರಭಾಗಕ್ಕೆ ಚುಚ್ಚುತ್ತೇವೆ, ಆಂಬ್ಯುಲೆನ್ಸ್ ಕರೆಯುತ್ತೇವೆ. ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಆ ಔಷಧಿ ಇದ್ದೇ ಇರುತ್ತದೆ. ನನ್ನ ಪೆಟ್ಟಿಗೆಯ ಆಂಪ್ಯೂಲ್ ಇನ್ನೂ ಒಡೆಯಬೇಕಾಗಿ ಬಂದಿಲ್ಲ. ಆದರೂ ಪ್ರತಿ ವಾರ ಅದರ ತಾರೀಖು ನೋಡಿಯೇ ಕೂರುತ್ತೇನೆ.

ಪ್ರಶ್ನೆ: ಅಮ್ಮನಿಗೆ 71. ಚಿಕ್ಕ ವಯಸ್ಸಿನಲ್ಲಿ ಪೆನ್ಸಿಲಿನ್ ಚುಚ್ಚಿದ ಕೂಡಲೇ ಬಿದ್ದುಬಿಟ್ಟರಂತೆ. ಆಮೇಲೆ ಯಾರೂ ಅವರಿಗೆ ಪೆನ್ಸಿಲಿನ್ ಕೊಟ್ಟಿಲ್ಲ. ಲಸಿಕೆ ಕೊಡಿಸಲು ಧೈರ್ಯ ಇಲ್ಲ.
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಇದು ಸ್ವಲ್ಪ ಸೂಕ್ಷ್ಮ. ಬಿದ್ದದ್ದು ಸೂಜಿಯ ಭಯಕ್ಕೋ ಪೆನ್ಸಿಲಿನ್‌ಗೋ, ಐವತ್ತು ವರ್ಷದ ಮೇಲೆ ಯಾರು ಹೇಳಬೇಕು? ಅಮ್ಮನನ್ನೇ ಕೂರಿಸಿ ಕೇಳಿ. ಅವತ್ತು ಮೈ ಕೆಂಪಾಗಿತ್ತಾ? ಉಸಿರು ಕಟ್ಟಿತಾ? ಮುಖ ಊದಿತ್ತಾ? ಎಷ್ಟು ಹೊತ್ತಿಗೆ ಎದ್ದರು? ಹಳೆಯ ಜನಕ್ಕೆ ಇಂಥದ್ದು ಚೆನ್ನಾಗಿ ನೆನಪಿರುತ್ತದೆ. 'ನೀರು ಚಿಮುಕಿಸಿದರು, ಎದ್ದು ನಡೆದುಕೊಂಡು ಮನೆಗೆ ಬಂದೆ' ಅಂದರೆ ಹೆದರಬೇಡಿ. ಊದಿದ್ದು, ಉಸಿರು ಕಟ್ಟಿದ್ದು ನಿಜವಾದರೆ ಈಗಿನ ಸೂಚನೆಯ ಪ್ರಕಾರ ಸುಮ್ನೆ ಸರದಿಯಲ್ಲಿ ನಿಲ್ಲಿಸುವಂತಿಲ್ಲ. ಜಿಲ್ಲಾ ಆಸ್ಪತ್ರೆಯ ಫಿಜಿಷಿಯನ್ ನೋಡಿ ತೀರ್ಮಾನ ಮಾಡಲಿ.

ಎರಡು ಲಸಿಕೆಯಲ್ಲೂ ಪೆನ್ಸಿಲಿನ್ ಇಲ್ಲ. ಕೋವಿಶೀಲ್ಡ್‌ನಲ್ಲಿ ಪಾಲಿಸಾರ್ಬೇಟ್ 80 ಎಂಬ ವಸ್ತು ಇದೆ. ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಫಿನಾಕ್ಸಿಎಥನಾಲ್ ಇವೆ. ನಿಮ್ಮ ಡಾಕ್ಟರಿಗೆ ಈ ಹೆಸರುಗಳು ಬೇಕಾಗಬಹುದು ಎಂದು ಬರೆದೆ. ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದನ್ನು ಯೋಚಿಸುವ ದಾರಿ ಇರುತ್ತದೆ.

ಪ್ರಶ್ನೆ: ಇಂಜೆಕ್ಷನ್ ಆದ ಮೇಲೆ ಹದಿನೈದು ದಿನ ನಂಜಿನ ಪದಾರ್ಥ ತಿನ್ನಬಾರದು ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ. ಬದನೆಕಾಯಿ, ಕುಂಬಳಕಾಯಿ, ಒಣಮೀನು, ಮೊಟ್ಟೆ ಎಲ್ಲ ಬಂದ್. ಲಸಿಕೆಯಲ್ಲೇ ಮೊಟ್ಟೆ ಇದೆ ಅಂತಲೂ ಯಾರೋ ಹೇಳಿದರು.
– ಕುಂದಾಪುರ

ನಂಜು ಅನ್ನುವ ನಂಬಿಕೆಯ ಜೊತೆ ನಾನು ಮೂವತ್ತು ವರ್ಷದಿಂದ ಗುದ್ದಾಡುತ್ತಿದ್ದೇನೆ. ಬಾಣಂತಿಗೆ, ಆಪರೇಷನ್ ಆದವರಿಗೆ, ಗಾಯ ಆದವರಿಗೆ ಎಲ್ಲರಿಗೂ ಇದೇ ಪಟ್ಟಿ. ಪಾಪ ಬದನೆಕಾಯಿ, ಅದರದ್ದೇನು ತಪ್ಪೋ! ಲಸಿಕೆಗೆ ಯಾವ ಪಥ್ಯವೂ ಇಲ್ಲ. ಮೀನು ತಿನ್ನಿ, ಮೊಟ್ಟೆ ತಿನ್ನಿ. ಜ್ವರ ಬಂದ ದಿನ ನಾಲಗೆಗೆ ರುಚಿ ಇರುವುದಿಲ್ಲ, ಆಗ ಗಂಜಿ, ಉಪ್ಪಿನಕಾಯಿ ಸಾಕು.

ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಮೊಟ್ಟೆ ಇಲ್ಲ. ಕೆಲವು ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆ ಸುದ್ದಿ ಇಲ್ಲಿಗೆ ಬಂದು ಅಂಟಿಕೊಂಡಿದೆ.

ಅತ್ತೆಯವರು ಲಸಿಕೆ ಹಾಕಿಸಿಕೊಂಡಿದ್ದಾರಾ? ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಪಥ್ಯದ ವಿಷಯದಲ್ಲಿ ಜಗಳ ಬೇಡ. ಹದಿನೈದು ದಿನ ಕುಂಬಳಕಾಯಿ ಬಿಟ್ಟರೆ ಯಾರೂ ಸಾಯುವುದಿಲ್ಲ, ಅವರು ಸೂಜಿ ಚುಚ್ಚಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಯಜಮಾನರಿಗೆ 52 ಆಗಿತ್ತು. ಏಪ್ರಿಲ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡರು. ನಾಲ್ಕನೇ ದಿನ ಜ್ವರ. ಇಂಜೆಕ್ಷನ್ ಜ್ವರ ಅಂದುಕೊಂಡೆವು. ಕಡಿಮೆ ಆಗಲಿಲ್ಲ, ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಮೇ ಮೊದಲ ವಾರ ಹೋಗಿಬಿಟ್ಟರು. ಅವರಿಗೆ ಮನಸ್ಸಿರಲಿಲ್ಲ, ನಾನೇ ಬಲವಂತ ಮಾಡಿ ಕಳಿಸಿದ್ದೆ. ನಾದಿನಿ 'ಇಂಜೆಕ್ಷನ್‌ನಿಂದಲೇ ಕೊರೊನಾ ಬಂತು' ಎನ್ನುತ್ತಾಳೆ. ನನಗೂ ಆಗ ಪಾಸಿಟಿವ್ ಆಗಿ ಮೇ ಮಧ್ಯಕ್ಕೆ ಗುಣವಾಯಿತು. ಈಗ ಮಗ ನನಗೆ ಹಾಕಿಸಿಕೊಳ್ಳಲು ಹೇಳುತ್ತಿದ್ದಾನೆ. ಕೈ ಬರುತ್ತಿಲ್ಲ.
– ಓದುಗರು, ಹಾಸನ ಜಿಲ್ಲೆ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಲಸಿಕೆಯಿಂದ ಕೊರೊನಾ ಬರುವುದಿಲ್ಲ. ಕೋವಿಶೀಲ್ಡ್‌ನಲ್ಲಿ ಇರುವುದು ಚಿಂಪಾಂಜಿಗಳಿಗೆ ನೆಗಡಿ ತರುವ ಬೇರೆಯೇ ಒಂದು ವೈರಸ್. ಅದು ನಮ್ಮ ಮೈಯಲ್ಲಿ ಹೆಚ್ಚಾಗಲು ಆಗದಂತೆ ಮಾಡಿರುತ್ತಾರೆ. ಕೊರೊನಾದ ಮೈಮೇಲಿನ ಮುಳ್ಳು ಹೇಗಿರುತ್ತದೆ ಎಂಬ ಮಾಹಿತಿಯನ್ನಷ್ಟೇ ಅದು ಹೊತ್ತು ತರುತ್ತದೆ. ಕೋವ್ಯಾಕ್ಸಿನ್‌ನಲ್ಲಿ ಇರುವುದು ಸತ್ತ ಕೊರೊನಾ ವೈರಸ್. ಎರಡರಿಂದಲೂ ರೋಗ ಹುಟ್ಟಲು ಸಾಧ್ಯವಿಲ್ಲ. ಮೂಗಿನಿಂದ ತೆಗೆದ ಸ್ವಾಬ್ ಪಾಸಿಟಿವ್ ಆಗಲೂ ಸಾಧ್ಯವಿಲ್ಲ.

ಹಾಗಾದರೆ ಅವರಿಗೆ ಎಲ್ಲಿಂದ ಬಂತು? ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕು, ಹೆಚ್ಚಿನವರಿಗೆ ಐದಾರು ದಿನ. ನಾಲ್ಕನೇ ದಿನ ಜ್ವರ ಬಂದಿದೆ ಅಂದರೆ ಲಸಿಕೆಗೆ ಹೋಗುವ ಮೊದಲೇ ತಗುಲಿರಬಹುದು. ಅದೇ ದಿನ ಸರದಿಯಲ್ಲಿ ತಗುಲಿರಲೂಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ಏಪ್ರಿಲ್‌ನಲ್ಲಿ ಹಾಲಿನ ಅಂಗಡಿ, ಬಸ್ಸು, ಮದುವೆ, ಎಲ್ಲಿ ಇರಲಿಲ್ಲ ಹೇಳಿ ಅದು? ಮೊದಲ ಡೋಸ್ ಬಿದ್ದ ಮೇಲೆ ಮೈಯಲ್ಲಿ ರಕ್ಷಣೆ ಹುಟ್ಟಲು ಎರಡು ಮೂರು ವಾರ ಬೇಕು. ಅವರಿಗೆ ಅಷ್ಟು ಸಮಯ ಸಿಗಲಿಲ್ಲ.

ನೀವು ಅವರನ್ನು ಕಳಿಸಿದ್ದು ಬದುಕಲಿ ಎಂದು. ಆ ತಿಂಗಳು ಈ ರಾಜ್ಯದ ಎಷ್ಟೋ ಹೆಂಡತಿಯರು, ಮಕ್ಕಳು ಅದನ್ನೇ ಮಾಡಿದರು. ನಾನೂ ನನ್ನ ಮನೆಯವರಿಗೆ ಅದನ್ನೇ ಮಾಡಿದೆ. ನಾದಿನಿಗೆ ಅಣ್ಣ ಹೋದ ದುಃಖ ಇದೆ, ಯಾರ ಮೇಲಾದರೂ ಹೊರಿಸಬೇಕು ಅನ್ನಿಸಿದೆ. ಈ ಪುಟವನ್ನು ಬೇಕಾದರೆ ಅವರ ಕೈಗೇ ಕೊಡಿ.

ನಿಮ್ಮ ವಿಷಯಕ್ಕೆ ಬರೋಣ. ಗುಣವಾದ ಮೂರು ತಿಂಗಳ ಮೇಲೆ ಲಸಿಕೆ ಎಂದು ಮೇ 19ರಂದು ಕೇಂದ್ರ ಸರ್ಕಾರ ಹೇಳಿದೆ. ಅಂದರೆ ನಿಮಗೆ ಆಗಸ್ಟ್ ಮಧ್ಯದವರೆಗೂ ಸಮಯ ಇದೆ. ಈಗಲೇ ಮನಸ್ಸು ಮಾಡಬೇಕಿಲ್ಲ. ಆ ಹೊತ್ತಿಗೆ ಮಗನನ್ನು ಕರೆದುಕೊಂಡು ಹೋಗಿ. ಜ್ವರ ಬಂದರೆ ಹೆದರುತ್ತೀರಿ, ಗೊತ್ತು. ಲಸಿಕೆಯ ಜ್ವರ ಸಾಮಾನ್ಯವಾಗಿ ಅವತ್ತು ರಾತ್ರಿಯೋ ಮಾರನೇ ದಿನವೋ ಬಂದು ಎರಡು ದಿನದೊಳಗೆ ಇಳಿಯುತ್ತದೆ. ಮೂರನೇ ದಿನವೂ ಇದ್ದರೆ, ಕೆಮ್ಮು ಸೇರಿಕೊಂಡರೆ, ವಾಸನೆ ಹೋದರೆ ಅದನ್ನು ಲಸಿಕೆಯ ಲೆಕ್ಕಕ್ಕೆ ಹಾಕದೆ ಪರೀಕ್ಷೆ ಮಾಡಿಸಿ. ಇದನ್ನು ಎಲ್ಲ ಓದುಗರಿಗೂ ಹೇಳುತ್ತಿದ್ದೇನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ. ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಟೀವಿಯಲ್ಲಿ ನೋಡಿದೆ. ಎರಡು ದಿನ ಮೊದಲೇ ಮಾತ್ರೆ ನಿಲ್ಲಿಸಿ ಹೋಗಬೇಕೆಂದು ಪಕ್ಕದ ಮನೆಯವರು ಹೇಳಿದರು.
– ನಿವೃತ್ತ ಶಿಕ್ಷಕರು, ಧಾರವಾಡ

ಮೇಷ್ಟ್ರೇ, ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ತಾವಾಗಿಯೇ ಈ ಮಾತ್ರೆ ಬಿಟ್ಟರೆ ಆಗುವ ಅಪಾಯ ಲಸಿಕೆಯ ಅಪಾಯಕ್ಕಿಂತ ಎಷ್ಟೋ ಜಾಸ್ತಿ. ಸೂಜಿ ಹಾಕುವವರಿಗೆ ರಕ್ತ ತೆಳುವಾಗುವ ಮಾತ್ರೆ ಇದೆ ಎಂದು ಹೇಳಿ. ಚುಚ್ಚಿದ ಜಾಗವನ್ನು ಹತ್ತಿಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಸ್ವಲ್ಪ ನೀಲಿಗಟ್ಟಿದರೆ ಗಾಬರಿ ಬೇಡ. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ) ಪರೀಕ್ಷೆ ಸರಿ ಇದೆಯಾ ಎಂದು ಮೊದಲು ನೋಡಿಸಿಕೊಳ್ಳಲಿ.

ಹೆಪ್ಪುಗಟ್ಟುವ ಸುದ್ದಿ ಸುಳ್ಳಲ್ಲ, ಬಹಳ ಅಪರೂಪ. ಲಸಿಕೆಯ ಅಡ್ಡ ಪರಿಣಾಮಗಳನ್ನು ಪರಿಶೀಲಿಸುವ ನಮ್ಮ ದೇಶದ ಸಮಿತಿ ಮೇ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ಕೋವಿಶೀಲ್ಡ್ ನಂತರ ಇಂಥದ್ದು ಆಗಿರಬಹುದಾದ 26 ಪ್ರಕರಣ ಇವೆ. ಹತ್ತು ಲಕ್ಷ ಡೋಸ್‌ಗೆ 0.61. ಇದು ಹೃದಯದ ನಾಳ ಕಟ್ಟಿಕೊಳ್ಳುವಂಥ ತೊಂದರೆ ಅಲ್ಲ, ದಾರಿಯೇ ಬೇರೆ. ಹಾಗಾಗಿ ಸ್ಟೆಂಟ್ ಇದ್ದವರಿಗೆ ಜಾಸ್ತಿ ಎಂದೇನೂ ಇಲ್ಲ.

ಮೊದಲ ದಿನದ ತಲೆನೋವಿಗೂ ಇದಕ್ಕೂ ಸಂಬಂಧ ಇಲ್ಲ. ಲಸಿಕೆಯ ನಂತರದ ಇಪ್ಪತ್ತು ದಿನದೊಳಗೆ, ಮೊದಲ ಕೆಲವು ದಿನ ಕಳೆದ ಮೇಲೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದು ಬಿಡದೇ ಇದ್ದರೆ, ಕಣ್ಣು ಮಂಜಾದರೆ, ಉಸಿರು ಸಾಲದಿದ್ದರೆ, ಎದೆನೋವು ಬಂದರೆ, ಒಂದು ಕಾಲು ಊದಿದರೆ, ಹೊಟ್ಟೆನೋವು ನಿಲ್ಲದಿದ್ದರೆ, ಚುಚ್ಚಿದ ಜಾಗ ಬಿಟ್ಟು ಬೇರೆ ಕಡೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಎದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿಕೊಂಡ ತಾರೀಖನ್ನು ಡಾಕ್ಟರು ಕೇಳುವ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಕಡೆ ಮಂಗನ ಕಾಯಿಲೆ ಇಂಜೆಕ್ಷನ್ ವರ್ಷ ವರ್ಷ ಕೊಡುತ್ತಾರೆ. ಅದರ ಉರಿ ತಡೆಯಲು ಆಗುವುದಿಲ್ಲ. ಕೊರೊನಾದ್ದೂ ಹಾಗೇನಾ? ಎರಡೂ ಒಟ್ಟಿಗೆ ಹಾಕಿಸಿಕೊಳ್ಳಬಹುದಾ?
– ಅಡಿಕೆ ಬೆಳೆಗಾರರು, ಸೊರಬ

ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಇಂಜೆಕ್ಷನ್‌ನ ಉರಿ ತಡೆದುಕೊಂಡವರಿಗೆ ಇದು ಯಾವ ಲೆಕ್ಕ! ಕೊರೊನಾ ಸೂಜಿ ಹಾಕುವಾಗ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ತಿರುಗಿದಾಗ ತೋಳು ನೋವು ಗೊತ್ತಾಗುತ್ತದೆ.

ಒಟ್ಟಿಗೆ ಬೇಡ. ಕೋವಿಡ್ ಲಸಿಕೆಗೂ ಬೇರೆ ಯಾವುದೇ ಲಸಿಕೆಗೂ ನಡುವೆ 14 ದಿನ ಬಿಡಿ. ಮಂಗನ ಕಾಯಿಲೆ ಜೋರಾಗುವುದು ಡಿಸೆಂಬರ್ ಮೇಲೆ. ಹಾಗಾಗಿ ಈಗ ಕೊರೊನಾದ್ದು ಮುಗಿಸಿಕೊಳ್ಳಿ, ಅದನ್ನು ಆಮೇಲೆ ತಪ್ಪಿಸದೆ ಹಾಕಿಸಿಕೊಳ್ಳಿ.

ನಾಯಿ ಕಡಿದರೆ ಮಾತ್ರ ಈ 14 ದಿನದ ಲೆಕ್ಕ ಹಾಕಿಕೊಂಡು ಕೂರಬೇಡಿ. ನಿನ್ನೆ ಕೊರೊನಾ ಲಸಿಕೆ ಆಗಿದ್ದರೂ ಇವತ್ತೇ ಹುಚ್ಚುನಾಯಿ ಇಂಜೆಕ್ಷನ್ ಶುರು ಮಾಡಿಸಿ.

ಚುಟುಕಾಗಿ ಒಂದಿಷ್ಟು

*ಮಗುವಿಗೆ ಎದೆಹಾಲು ಕುಡಿಸುತ್ತೇನೆ (ತುಮಕೂರು):* ಹಾಕಿಸಿಕೊಳ್ಳಿ, ಒಂದು ಹೊತ್ತಿನ ಹಾಲನ್ನೂ ತಪ್ಪಿಸಬೇಡಿ.

*ಐದು ತಿಂಗಳ ಬಸುರಿ (ಗದಗ):* ಇದೇ ಜುಲೈ 2ರಂದು ಗರ್ಭಿಣಿಯರಿಗೂ ಅನುಮತಿ ಸಿಕ್ಕಿದೆ. ನಿಮ್ಮನ್ನು ನೋಡುವ ಡಾಕ್ಟರ ಹತ್ತಿರ ಮಾತಾಡಿ ಹೋಗಿ. ಗರ್ಭಿಣಿಯರಿಗೆ ಕೋವಿಡ್ ಬಂದರೆ ಜೋರಾಗುವ ಸಾಧ್ಯತೆ ಹೆಚ್ಚು.

*ಮುಟ್ಟಿನ ಹಿಂದೆ ಮುಂದೆ ಐದು ದಿನ ಹಾಕಿಸಿಕೊಳ್ಳಬಾರದಂತೆ (ಬೆಂಗಳೂರು, ಇದೇ ಪ್ರಶ್ನೆ ಎಂಟು ಹತ್ತು ಜನರಿಂದ):* ವಾಟ್ಸಾಪ್ ಸುಳ್ಳು. ಯಾವ ದಿನವಾದರೂ ಹೋಗಿ.

*ನನಗೆ ಜ್ವರವೇ ಬರಲಿಲ್ಲ, ಬರೀ ನೀರು ಚುಚ್ಚಿದರಾ? (ಮಂಡ್ಯ):* ಇಲ್ಲ. ಜ್ವರ ಬರದವರಲ್ಲೂ ಲಸಿಕೆ ಕೆಲಸ ಮಾಡುತ್ತದೆ. ಪುಣ್ಯವಂತರು, ಸುಮ್ಮನಿರಿ.

*ಮೊದಲೇ ಡೋಲೋ ನುಂಗಿ ಹೋಗಲಾ? (ರಾಯಚೂರು):* ಬೇಡ. ಜ್ವರವೋ ಮೈಕೈ ನೋವೋ ಬಂದ ಮೇಲೆ ಒಂದು. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು.

*ಮಗನಿಗೆ 16, ಯಾವಾಗ? (ಉಡುಪಿ):* 18 ತುಂಬದವರಿಗೆ ಇನ್ನೂ ಶುರುವಾಗಿಲ್ಲ. ಮನೆಯ ದೊಡ್ಡವರೆಲ್ಲ ಮುಗಿಸಿಕೊಳ್ಳಿ, ಸದ್ಯಕ್ಕೆ ಅವನಿಗೂ ಅದೇ ರಕ್ಷಣೆ.

*ಮಗಳು ಓದಲು ವಿದೇಶಕ್ಕೆ ಹೋಗಬೇಕು, 84 ದಿನ ಕಾಯುವಂತಿಲ್ಲ (ಮೈಸೂರು):* ಹೊರದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರಿಗೆ ಕೋವಿಶೀಲ್ಡ್ ಎರಡನೇ ಡೋಸ್ 28 ದಿನ ಆದ ಮೇಲೆ ಸಿಗುತ್ತದೆ. ಕಾಲೇಜಿನ ಪತ್ರ, ವೀಸಾ ಕಾಗದ ತೋರಿಸಬೇಕು. ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮವರು ದಿನಾ ಸಂಜೆ ಕುಡಿಯುತ್ತಾರೆ. 'ಲಸಿಕೆ ಹಾಕಿಸಿಕೊಂಡರೆ ನಲವತ್ತೈದು ದಿನ ಎಣ್ಣೆ ಮುಟ್ಟುವಂತಿಲ್ಲ, ಅದಕ್ಕೇ ಬೇಡ' ಎನ್ನುತ್ತಾರೆ. ನಿಜವಾ?
– ಹೆಸರು ಬೇಡ, ಊರೂ ಬೇಡ

ಹಾಗೊಂದು ನಿಯಮ ಎಲ್ಲೂ ಇಲ್ಲ. ಕುಡಿತದಿಂದ ಈ ಲಸಿಕೆಯ ಶಕ್ತಿ ಹೋಗುತ್ತದೆ ಎನ್ನಲು ಆಧಾರವೂ ಇಲ್ಲ. ಆದರೆ ಅವತ್ತು ರಾತ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಬೇಕಾಗುತ್ತದೆ. ಅದೂ ಎಣ್ಣೆಯೂ ಎರಡೂ ಲಿವರ್ ಮೇಲೇ ಬೀಳುತ್ತವೆ. ಜೊತೆಗೆ ಕುಡಿದು ಬಿದ್ದದ್ದೋ ಲಸಿಕೆಯಿಂದ ಬಿದ್ದದ್ದೋ ಎಂದು ನಿಮಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಎರಡು ಮೂರು ದಿನ ಬಿಟ್ಟರೆ ಸಾಕು ಎಂದು ಹೇಳಿ ಕರೆದುಕೊಂಡು ಹೋಗಿ. ಬೆಳಿಗ್ಗೆಯೇ ಹೋಗಿ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾದರೆ ಅದು ಲಸಿಕೆಯ ಅಡ್ಡ ಪರಿಣಾಮ ಅಲ್ಲ, ತಡ ಮಾಡದೆ ಡಾಕ್ಟರಿಗೆ ತೋರಿಸಿ. ಎಣ್ಣೆ ಬಿಡಿಸುವ ವಿಷಯಕ್ಕೆ ಇನ್ನೊಂದು ಪತ್ರ ಬರೆಯಿರಿ, ಅದಕ್ಕೆ ಇಡೀ ಪುಟ ಬೇಕು.